ಹುದ್ದೆಯಿಲ್ಲದ ಪ್ರಾಧ್ಯಾಪಕಿ: ಮರಿಯಾ ಗೋಪರ್ಟ್ ಮೇಯರ್

ವಿದ್ವಾಂಸರನ್ನು ಅವರು ಅಲಂಕರಿಸಿದ ಪದವಿಗಳಿಂದ ಅಳೆಯುವುದು ಲೋಕದ ರೂಢಿ. ಇಂಥವರು ಇಂಥ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು, ಇಂಥ ಸಂಸ್ಥೆಯ ನಿರ್ದೇಶಕರು ಎಂದು ಕೇಳಿ ತಿಳಿದ ಮೇಲೆಯೇ ಅವರ ವಿದ್ಯೆಗೆ ತಲೆಬಾಗುವವರು ಹೆಚ್ಚು. ಈ ಅಳತೆಗೋಲನ್ನು ಹಿಡಿದು ಹೊರಟಿದ್ದರೆ ಮರಿಯಾ ಗೋಪರ್ಟ್ ಮೇಯರ್ ಎಂಬ ಮಹಿಳೆಯ ಹೆಸರು ಬಹುಕಾಲ ಯಾರ ಕಿವಿಗೂ ಬೀಳುವಂತಿರಲಿಲ್ಲ. ಡಾಕ್ಟರೇಟ್ ಪದವಿ ಪಡೆದ ಮೇಲೆ ಸಂಬಳಸಹಿತವಾದ ಪೂರ್ಣಪ್ರಮಾಣದ ಪ್ರಾಧ್ಯಾಪಕ ಹುದ್ದೆ ದೊರೆಯುವುದಕ್ಕೆ ಆಕೆ ಮೂವತ್ತು ವರ್ಷ ಕಾಯಬೇಕಾಯಿತು. ಆ ಮೂವತ್ತು ವರ್ಷಗಳಲ್ಲಿ ವಿಶ್ವವಿದ್ಯಾನಿಲಯಗಳಲ್ಲಿ ಆಕೆ ಮಾಡಿದ ಬೋಧನೆಗೆ ಬಹುಪಾಲು ಸಂಬಳವೇ ಇರಲಿಲ್ಲ. ಆದರೂ ಪಾಠ ನಿಲ್ಲಲಿಲ್ಲ, ಚಿಂತನೆ ನಿಲ್ಲಲಿಲ್ಲ. ಪರಮಾಣುವಿನ ಗರ್ಭದಲ್ಲಿ ಅಡಗಿದ್ದ ಒಂದು ಅಚ್ಚುಕಟ್ಟಾದ ವ್ಯವಸ್ಥೆಯನ್ನು ಲೋಕಕ್ಕೆ ತೋರಿಸಿಕೊಟ್ಟವರು ಈ ಮಹಿಳೆ. 1963ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು. 1903ರಲ್ಲಿ ಮೇರಿ ಕ್ಯೂರಿ ಅವರಿಗೆ ಸಂದ ಬಳಿಕ ಅರುವತ್ತು ವರ್ಷಗಳಲ್ಲಿ ಈ ಗೌರವಕ್ಕೆ ಪಾತ್ರರಾದ ಎರಡನೆಯ ಮಹಿಳೆ ಅವರೇ.

ಮರಿಯಾ ಅವರು ಹುಟ್ಟಿದ್ದು 1906ನೆಯ ಜೂನ್ 28ರಂದು, ಕಾಟೋವಿಟ್ಸ್ ಎಂಬ ಊರಿನಲ್ಲಿ. ಅಂದು ಅದು ಜರ್ಮನ್ ಸಾಮ್ರಾಜ್ಯಕ್ಕೆ ಸೇರಿತ್ತು. ಇಂದು ಪೋಲೆಂಡ್ ದೇಶದಲ್ಲಿದೆ. ತಂದೆ ಫ್ರೀಡ್ರಿಕ್ ಗೋಪರ್ಟ್ ಮಕ್ಕಳ ರೋಗಗಳನ್ನು ಕುರಿತ ವೈದ್ಯಶಾಸ್ತ್ರದಲ್ಲಿ ಪರಿಣತರು. ಅವರ ವಂಶದಲ್ಲಿ ಆರು ತಲೆಮಾರುಗಳಿಂದ ಪ್ರಾಧ್ಯಾಪಕರು ಆಗಿಹೋಗಿದ್ದರು. ಮರಿಯಾ ಅವರ ನಾಲ್ಕನೆಯ ವಯಸ್ಸಿನಲ್ಲಿ, 1910ರಲ್ಲಿ, ತಂದೆಗೆ ಗಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕ ಸ್ಥಾನ ದೊರೆತು ಕುಟುಂಬ ಆ ಊರಿಗೆ ಬಂದು ನೆಲಸಿತು. ಮನೆಗೆ ಒಬ್ಬಳೇ ಮಗಳು. ದೊಡ್ಡವಳಾದ ಮೇಲೆ ಬರಿಯ ಗೃಹಿಣಿಯಾಗಿ ಉಳಿಯಬೇಡವೆಂದು ತಂದೆ ಮಗಳಿಗೆ ಎಳವೆಯಲ್ಲಿಯೇ ಹೇಳಿದ್ದರು. ವಂಶದ ಏಳನೆಯ ತಲೆಮಾರಿನ ಪ್ರಾಧ್ಯಾಪಕಿ ಆಗಬೇಕೆಂಬ ಹಂಬಲ ಬಾಲಕಿಯ ಮನಸ್ಸಿನಲ್ಲಿ ಬೇರೂರಿದ್ದು ಆಗಲೇ.

ಹಂಬಲವೇನೋ ಇತ್ತು, ದಾರಿ ಸುಗಮವಾಗಿರಲಿಲ್ಲ. ವಿಶ್ವವಿದ್ಯಾನಿಲಯಕ್ಕೆ ಹುಡುಗಿಯರನ್ನು ಅಣಿಗೊಳಿಸುವ ಸರ್ಕಾರಿ ಶಾಲೆ ಗಟಿಂಗೆನ್ನಿನಂಥ ವಿದ್ಯಾನಗರದಲ್ಲಿಯೂ ಇರಲಿಲ್ಲ. ಹೆಂಗಸರಿಗೆ ಮತದಾನದ ಹಕ್ಕು ಬೇಕೆಂದು ಹೋರಾಡಿದ ಕೆಲವು ಮಹಿಳೆಯರು ಸೇರಿ ನಡೆಸುತ್ತಿದ್ದ ಚಿಕ್ಕ ಖಾಸಗಿ ಶಾಲೆಯೊಂದೇ ಗತಿ. ಮರಿಯಾ 1921ರಲ್ಲಿ ಅಲ್ಲಿಗೆ ಸೇರಿದರು. ಮೂರು ವರ್ಷಗಳ ಪಾಠಕ್ರಮ. ಆದರೆ ಮೊದಲನೆಯ ಮಹಾಯುದ್ಧದ ಅನಂತರ ಜರ್ಮನಿಯಲ್ಲಿ ತಲೆದೋರಿದ ಹಣದುಬ್ಬರ ಆ ಪುಟ್ಟ ಸಂಸ್ಥೆಯನ್ನು ನುಂಗಿತು. ಪಾಠಕ್ರಮ ಮುಗಿಯುವ ಮೊದಲೇ ಶಾಲೆಯ ಬಾಗಿಲು ಮುಚ್ಚಿತು. ಬೇರೊಬ್ಬರಾಗಿದ್ದರೆ ಓದನ್ನು ಅಲ್ಲಿಗೇ ಬಿಡುತ್ತಿದ್ದರೋ ಏನೋ. ಮರಿಯಾ ಹಾಗೆ ಮಾಡದೆ, ಒಂದು ವರ್ಷ ಮೊದಲೇ ಪ್ರವೇಶ ಪರೀಕ್ಷೆಗೆ ಕುಳಿತುಕೊಳ್ಳಲು ನಿಶ್ಚಯಿಸಿದರು. ಹ್ಯಾನೋವರ್ ನಗರದಲ್ಲಿ, ಹಿಂದೆಂದೂ ಮುಖ ಕಂಡರಿಯದ ಉಪಾಧ್ಯಾಯರ ಮುಂದೆ ಪರೀಕ್ಷೆ ನಡೆಯಿತು. ಮರಿಯಾ ಮಾತ್ರವಲ್ಲ, ಆ ಶಾಲೆಯಿಂದ ಹೋದ ಹುಡುಗಿಯರೆಲ್ಲರೂ ತೇರ್ಗಡೆಯಾದರು. ಮುಚ್ಚಿಹೋದ ಶಾಲೆಯ ಅಧ್ಯಾಪಕಿಯರ ದುಡಿಮೆ ವ್ಯರ್ಥವಾಗಿರಲಿಲ್ಲ.

1924ರಲ್ಲಿ ಆಕೆ ಗಟಿಂಗೆನ್ ವಿಶ್ವವಿದ್ಯಾನಿಲಯವನ್ನು ಸೇರಿದ್ದು ಗಣಿತವನ್ನು ಓದುವುದಕ್ಕೆಂದು. ಆ ದಿನಗಳಲ್ಲಿ ಅಲ್ಲಿನ ಭೌತವಿಜ್ಞಾನ ವಿಭಾಗದಲ್ಲಿ ಹೊಸ ಯುಗವೊಂದು ಕಣ್ತೆರೆಯುತ್ತಿತ್ತು. ಮ್ಯಾಕ್ಸ್ ಬಾರ್ನ್ ಅವರ ನೇತೃತ್ವದಲ್ಲಿ, ಹೈಸನ್‌ಬರ್ಗ್ ಮೊದಲಾದ ತರುಣರ ಕೈಯಲ್ಲಿ ಕ್ವಾಂಟಮ್ ಸಿದ್ಧಾಂತ ರೂಪುಗೊಳ್ಳುತ್ತಿದ್ದ ಕಾಲ ಅದು. ಬಾರ್ನ್ ಅವರ ವಿಚಾರಗೋಷ್ಠಿಯಲ್ಲಿ ಒಮ್ಮೆ ಕುಳಿತ ಮರಿಯಾ ಗಣಿತವನ್ನು ಬಿಟ್ಟು ಭೌತವಿಜ್ಞಾನದ ಕಡೆಗೆ ತಿರುಗಿದರು. ಅವರನ್ನು ಕೈಹಿಡಿದು ನಡೆಸಿದ ಗುರುಗಳು ಬಾರ್ನ್ ಅವರೇ. ಆ ಋಣವನ್ನು ಆಕೆ ಕಡೆಯವರೆಗೂ ನೆನೆದರು.

1927ರಲ್ಲಿ ತಂದೆ ತೀರಿಕೊಂಡರು. ಮನೆಯನ್ನು ನಡೆಸಲು ತಾಯಿ ವಿದ್ಯಾರ್ಥಿಗಳಿಗೆ ಕೋಣೆಗಳನ್ನು ಬಾಡಿಗೆಗೆ ಕೊಡತೊಡಗಿದರು. ಹಾಗೆ ಬಂದು ತಂಗಿದವರಲ್ಲಿ ಅಮೆರಿಕದ ತರುಣ ರಸಾಯನವಿಜ್ಞಾನಿ ಜೋಸೆಫ್ ಮೇಯರ್ ಒಬ್ಬರು. ಇಬ್ಬರಲ್ಲಿಯೂ ಸ್ನೇಹ ಬೆಳೆದು 1930ನೆಯ ಜನವರಿಯಲ್ಲಿ ವಿವಾಹವಾಯಿತು. ಅದೇ ವರ್ಷ ಮರಿಯಾ ತಮ್ಮ ಮಹಾಪ್ರಬಂಧವನ್ನು ಮುಗಿಸಿ ಡಾಕ್ಟರೇಟ್ ಪಡೆದರು. ಪರಮಾಣುವೊಂದು ಬೆಳಕಿನ ಒಂದು ಕಣವನ್ನಲ್ಲದೆ ಎರಡು ಕಣಗಳನ್ನು ಏಕಕಾಲದಲ್ಲಿ ಹೀರಿಕೊಳ್ಳಬಲ್ಲುದೆಂದು ಆ ಪ್ರಬಂಧ ಲೆಕ್ಕದ ಬಲದಿಂದ ಸಾಧಿಸಿತ್ತು. ಪ್ರಯೋಗದಿಂದ ಅದನ್ನು ಪರೀಕ್ಷಿಸಬೇಕಾದರೆ ಅತ್ಯಂತ ಪ್ರಖರವಾದ ಬೆಳಕು ಬೇಕು. ಅಂದು ಅದು ಇರಲಿಲ್ಲ. 1960ರಲ್ಲಿ ಲೇಸರ್ ಸಿದ್ಧವಾದ ಮರುವರ್ಷವೇ ಆ ಮಾತು ನಿಜವೆಂದು ಕಣ್ಣಾರೆ ಕಂಡಿತು. ಅಂಥ ಹೀರಿಕೆಯನ್ನು ಅಳೆಯುವ ಮಾನಕ್ಕೆ ಇಂದು ಅವರ ಹೆಸರನ್ನೇ ಇಡಲಾಗಿದೆ. ಆ ಪ್ರಬಂಧವನ್ನು ಪರೀಕ್ಷಿಸಿದ ಬಾರ್ನ್, ಫ್ರಾಂಕ್, ವಿಂಡಾಸ್ ಈ ಮೂವರೂ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದವರು ಎಂಬುದನ್ನು ನೆನೆದರೆ ಆಕೆ ಪಡೆದ ಶಿಕ್ಷಣದ ಮಟ್ಟ ಎಂಥದೆಂಬುದು ಅರಿವಾಗುತ್ತದೆ.

ಇಷ್ಟು ಯೋಗ್ಯತೆಯನ್ನು ಹೊತ್ತು ಗಂಡನೊಡನೆ ಅಮೆರಿಕಕ್ಕೆ ಹೋದ ಮರಿಯಾ ಅವರನ್ನು ಅಲ್ಲಿ ಎದುರುಗೊಂಡದ್ದು ಮುಚ್ಚಿದ ಬಾಗಿಲು. ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಜೋಸೆಫ್ ಅಧ್ಯಾಪಕರಾದರು. ಗಂಡಹೆಂಡಿರಿಬ್ಬರನ್ನೂ ಒಂದೇ ಸಂಸ್ಥೆ ನೇಮಿಸಿಕೊಳ್ಳಬಾರದೆಂಬ ಕಟ್ಟಳೆ ಅಂದು ಬಳಕೆಯಲ್ಲಿತ್ತು. ಜೊತೆಗೆ ದೇಶವೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿ ಸಿಕ್ಕಿತ್ತು. ಪ್ರಾಧ್ಯಾಪಕನ ಹೆಂಡತಿಗೆ ಇನ್ನೊಂದು ಸಂಬಳ ಕೊಡುವ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವಂತಿರಲಿಲ್ಲ. ಜರ್ಮನ್ ಭಾಷೆಯ ಪತ್ರವ್ಯವಹಾರದಲ್ಲಿ ನೆರವಾಗುವ ಸಹಾಯಕಿಯ ಕೆಲಸ, ವರ್ಷಕ್ಕೆ ಕೆಲವೇ ನೂರು ಡಾಲರುಗಳ ಗೌರವಧನ, ಕುಳಿತು ಓದಲು ಒಂದೆಡೆ. ಅವರಿಗೆ ದೊರೆತದ್ದು ಇಷ್ಟೇ. ಮರಿಯಾ ಇದರಿಂದ ಕುಗ್ಗಲಿಲ್ಲ. ಭೌತವಿಜ್ಞಾನದಲ್ಲಿ ಸಿಗುವ ಆನಂದವೇ ತಮಗೆ ಸಾಕಷ್ಟು ಪ್ರತಿಫಲವೆಂದು ಬಗೆದು ಕೆಲಸದಲ್ಲಿ ತೊಡಗಿದರು. ಆಕೆ ಓದನ್ನು ಬಿಡದಂತೆ ಸದಾ ಹುರಿದುಂಬಿಸಿದವರು ಪತಿ ಜೋಸೆಫ್.

ಬೇಸಗೆಯ ರಜೆಯಲ್ಲಿ ಆಕೆ ಗಟಿಂಗೆನ್ನಿಗೆ ಹೋಗಿ ಗುರುಗಳೊಡನೆ ಸಂಶೋಧನೆಯನ್ನು ಮುಂದುವರಿಸಿದರು. 1933ರಲ್ಲಿ ಆ ನಂಟೂ ಕಡಿಯಿತು. ಹಿಟ್ಲರನ ಆಳ್ವಿಕೆ ಯೆಹೂದ್ಯರನ್ನು ಹುದ್ದೆಗಳಿಂದ ಹೊರದೂಡಿದಾಗ ಬಾರ್ನ್ ದೇಶ ಬಿಟ್ಟು ಹೋಗಬೇಕಾಯಿತು. ಈ ಬಾರ್ನ್ ಅವರೇ 1935–36ರಲ್ಲಿ ಸಿ. ವಿ. ರಾಮನ್ ಅವರ ಆಹ್ವಾನದ ಮೇರೆಗೆ ಬೆಂಗಳೂರಿಗೆ ಬಂದು, ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲವು ತಿಂಗಳು ಪಾಠ ಹೇಳಿದರೆಂಬುದು ಕನ್ನಡಿಗರು ನೆನೆಯತಕ್ಕ ವಿಷಯ. ಅವರನ್ನು ಇಲ್ಲಿಯೇ ಉಳಿಸಿಕೊಳ್ಳಬೇಕೆಂಬ ರಾಮನ್ ಅವರ ಪ್ರಯತ್ನ ಕೈಗೂಡಲಿಲ್ಲ.

1935ರಲ್ಲಿ ಮರಿಯಾ ಪ್ರಕಟಿಸಿದ ಲೇಖನವೊಂದು ಅವರನ್ನು ಮೊದಲ ಬಾರಿಗೆ ಪರಮಾಣುವಿನ ಬೀಜಕೇಂದ್ರದ ಬಳಿಗೆ ಕರೆದೊಯ್ದಿತು. ಬೀಜಕೇಂದ್ರವೆಂದರೆ ಪರಮಾಣುವಿನ ನಟ್ಟನಡುವೆ ಇರುವ ನ್ಯೂಕ್ಲಿಯಸ್. ಅದರ ಅಗಲ ಪರಮಾಣುವಿನ ಅಗಲದ ಸುಮಾರು ಲಕ್ಷದ ಒಂದು ಪಾಲು. ಆದರೆ ಪರಮಾಣುವಿನ ತೂಕವೆಲ್ಲ ಹೆಚ್ಚುಕಡಿಮೆ ಅಲ್ಲಿಯೇ. ಧನ ವಿದ್ಯುದಂಶವುಳ್ಳ ಪ್ರೋಟಾನುಗಳೂ ವಿದ್ಯುದಂಶವಿಲ್ಲದ ನ್ಯೂಟ್ರಾನುಗಳೂ ಅಲ್ಲಿ ಒತ್ತಿಕೊಂಡಿರುತ್ತವೆ. ಅಂಥ ಬೀಜಕೇಂದ್ರದಲ್ಲಿ ಎರಡು ನ್ಯೂಟ್ರಾನುಗಳು ಒಂದೇ ಸಲಕ್ಕೆ ಪ್ರೋಟಾನುಗಳಾಗಿ ಮಾರ್ಪಡುವುದು ಸಾಧ್ಯವೆಂದೂ, ಅದಕ್ಕೆ ಹಿಡಿಯುವ ಕಾಲ 1ರ ಮುಂದೆ 17 ಸೊನ್ನೆಗಳನ್ನು ಇಟ್ಟಷ್ಟು ವರ್ಷಗಳಿಗಿಂತ ಹೆಚ್ಚೆಂದೂ ಆಕೆ ಲೆಕ್ಕಹಾಕಿದರು. ಈ ಸಮಸ್ಯೆಯನ್ನು ಅವರಿಗೆ ಸೂಚಿಸಿದವರು ಹಂಗೇರಿ ಮೂಲದ ಯೂಜೀನ್ ವಿಗ್ನರ್. ಪ್ರಯೋಗಶಾಲೆಯಲ್ಲಿ ಆ ಮಾರ್ಪಾಟನ್ನು ನೇರವಾಗಿ ಕಂಡದ್ದು 1987ರಲ್ಲಿ, ಲೇಖನ ಬಂದ ಐವತ್ತೆರಡು ವರ್ಷಗಳ ಬಳಿಕ.

ಹಾಪ್ಕಿನ್ಸ್‌ನಲ್ಲಿ ಆಕೆ ಹೆಚ್ಚುಕಡಿಮೆ ಉಚಿತವಾಗಿ ಪಾಠ ಹೇಳಿದ ವಿದ್ಯಾರ್ಥಿಗಳಲ್ಲಿ ರಾಬರ್ಟ್ ಸ್ಯಾಕ್ಸ್ ಎಂಬ ತರುಣರಿದ್ದರು. ಅವರ ಡಾಕ್ಟರೇಟಿಗೆ ಮರಿಯಾ ಅವರೇ ಮಾರ್ಗದರ್ಶಕರು. ಈ ಹೆಸರು ಮುಂದೆ ಮತ್ತೆ ಬರಲಿದೆ.

1937ರಲ್ಲಿ ಜೋಸೆಫ್ ಹಾಪ್ಕಿನ್ಸ್‌ನಲ್ಲಿದ್ದ ಕೆಲಸ ಕಳೆದುಕೊಂಡರು. 1939ರಲ್ಲಿ ದಂಪತಿಗಳು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಬಂದರು. ಅಲ್ಲಿ ಮರಿಯಾ ಅವರಿಗೆ ಒಂದು ಕೋಣೆ ದೊರೆಯಿತು, ಸಂಬಳ ದೊರೆಯಲಿಲ್ಲ. ಅಷ್ಟು ಹೊತ್ತಿಗೆ ಅವರಿಗೆ ಒಬ್ಬ ಮಗಳು, ಒಬ್ಬ ಮಗ. ಸಂಸಾರದ ಹೊರೆಯ ನಡುವೆಯೇ ಪತಿಯೊಡನೆ ಸೇರಿ ಸಂಖ್ಯಾಕಲನೀಯ ಬಲವಿಜ್ಞಾನವನ್ನು ಕುರಿತು ಬರೆದ ದೊಡ್ಡ ಪಠ್ಯಗ್ರಂಥ 1940ರಲ್ಲಿ ಹೊರಬಂದು ಬಹುಕಾಲ ವಿದ್ಯಾರ್ಥಿಗಳ ಕೈಹೊತ್ತಗೆಯಾಯಿತು. ಇಟಲಿಯಿಂದ ವಲಸೆ ಬಂದ ಎನ್ರಿಕೊ ಫರ್ಮಿ ಅದೇ ವಿಶ್ವವಿದ್ಯಾನಿಲಯದಲ್ಲಿದ್ದರು. ಯುರೇನಿಯಮ್ಮಿಗಿಂತ ಭಾರವಾದ ಮೂಲಧಾತುಗಳ ಗುಣ ಹೇಗಿರಬಹುದೆಂದು ಪರಿಶೀಲಿಸಲು ಅವರು ಮರಿಯಾ ಅವರನ್ನು ಕೇಳಿದರು. ಅವು ವಿರಳ ಭಸ್ಮ ಧಾತುಗಳಂತೆ ತಮ್ಮದೇ ಒಂದು ಸಾಲನ್ನು ರಚಿಸುತ್ತವೆಂದು ಆಕೆ ಮುನ್ನುಡಿದದ್ದು ಮುಂದೆ ನಿಜವಾಯಿತು. ಇಷ್ಟೆಲ್ಲ ಆದ ಮೇಲೆ, 1941ನೆಯ ಡಿಸೆಂಬರಿನಲ್ಲಿ, ಸಾರಾ ಲಾರೆನ್ಸ್ ಕಾಲೇಜಿನಲ್ಲಿ ಅರೆಕಾಲದ ಅಧ್ಯಾಪಕಿಯಾಗಿ ಅವರಿಗೆ ನಿಜವಾದ ಅರ್ಥದಲ್ಲಿ ಮೊದಲನೆಯ ಸಂಬಳದ ಕೆಲಸ ಸಿಕ್ಕಿತು. ಆಗ ಅವರ ವಯಸ್ಸು ಮೂವತ್ತೈದು.

ಮರುವರ್ಷ ಯುದ್ಧದ ಕರೆ ಬಂದಿತು. ಪರಮಾಣು ಅಸ್ತ್ರವನ್ನು ಸಿದ್ಧಪಡಿಸುವ ಗುಪ್ತ ಯೋಜನೆಯಲ್ಲಿ ಯುರೇನಿಯಮ್ಮಿನ ಎರಡು ಬಗೆಗಳನ್ನು ಬೆಳಕಿನ ನೆರವಿನಿಂದ ಬೇರ್ಪಡಿಸಬಹುದೇ ಎಂದು ಪರಿಶೀಲಿಸುವ ಕೆಲಸ ಮರಿಯಾ ಅವರ ಪಾಲಿಗೆ ಬಂತು. ಆ ದಾರಿ ಫಲ ಕೊಡಲಿಲ್ಲ. ತಾವು ಮಾಡಿದ ಕೆಲಸ ಬಾಂಬಿನ ನಿರ್ಮಾಣಕ್ಕೆ ನೆರವಾಗಲಿಲ್ಲವೆಂಬುದನ್ನು ತಮ್ಮ ಭಾಗ್ಯವೆಂದೇ ಅವರು ಮುಂದೆ ಎಣಿಸಿದರು. ಜರ್ಮನಿಯಲ್ಲಿ ಹುಟ್ಟಿ, ಆ ದೇಶದ ವಿರುದ್ಧವೇ ದುಡಿಯಬೇಕಾಗಿ ಬಂದ ಹೆಣ್ಣಿನ ಮನಸ್ಸಿನ ತಳಮಳವನ್ನು ಊಹಿಸುವುದು ಕಷ್ಟವಲ್ಲ.

ಯುದ್ಧ ಮುಗಿದ ಮೇಲೆ, 1946ರಲ್ಲಿ, ಮೇಯರ್ ದಂಪತಿಗಳು ಷಿಕಾಗೋ ನಗರಕ್ಕೆ ಬಂದರು. ವಿಶ್ವವಿದ್ಯಾನಿಲಯ ಮರಿಯಾ ಅವರನ್ನು ಸ್ವಯಂಸೇವೆಯ ಸಹ ಪ್ರಾಧ್ಯಾಪಕಿ ಎಂದು ಕರೆಯಿತು. ಹೆಸರು ದೊಡ್ಡದು, ವೇತನ ಸೊನ್ನೆ. ಅದೇ ವರ್ಷ ಸಮೀಪದಲ್ಲಿ ಆರ್ಗಾನ್ ರಾಷ್ಟ್ರೀಯ ಪ್ರಯೋಗಶಾಲೆ ಆರಂಭವಾಯಿತು. ಅಲ್ಲಿ ಅರೆಕಾಲದ ಹಿರಿಯ ವಿಜ್ಞಾನಿಯ ಕೆಲಸಕ್ಕೆ ಬರುವಂತೆ ಅವರಿಗೆ ಆಹ್ವಾನ ಬಂತು. ಆಹ್ವಾನಿಸಿದವರು ಬೇರೆ ಯಾರೂ ಅಲ್ಲ, ಬಾಲ್ಟಿಮೋರಿನಲ್ಲಿ ಅವರ ಬಳಿ ಕಲಿತ ರಾಬರ್ಟ್ ಸ್ಯಾಕ್ಸ್. ಬೀಜಕೇಂದ್ರದ ಭೌತವಿಜ್ಞಾನ ತನಗೆ ತಿಳಿಯದೆಂದು ಗುರು ಹಿಂಜರಿದಾಗ ಶಿಷ್ಯ ಧೈರ್ಯ ಹೇಳಿದರು. ಕಲಿಯುವುದಕ್ಕೆ ಬೇಕಾದಷ್ಟು ಕಾಲವಿದೆ ಎಂದರು. ಪ್ರತಿಫಲವನ್ನು ಬಯಸದೆ ಹೇಳಿದ ಪಾಠ ಹೀಗೆ ಹತ್ತು ವರ್ಷಗಳ ಮೇಲೆ ಗುರುವಿನ ಬಾಳಿಗೆ ಆಸರೆಯಾಗಿ ಮರಳಿತು. ನಲವತ್ತನೆಯ ವಯಸ್ಸಿನಲ್ಲಿ ಮರಿಯಾ ಹೊಸ ಶಾಸ್ತ್ರವೊಂದಕ್ಕೆ ವಿದ್ಯಾರ್ಥಿನಿಯಾದರು.

ಅಂದು ಬೀಜಕೇಂದ್ರದ ವಿಚಾರದಲ್ಲಿ ವಿದ್ವಾಂಸರು ಒಪ್ಪಿದ್ದ ಕಲ್ಪನೆ ಯಾವುದೆಂಬುದನ್ನು ಇಲ್ಲಿ ಹೇಳಬೇಕು. ಒಂದು ಮಳೆಹನಿಯಲ್ಲಿ ನೀರಿನ ಅಣುಗಳು ಪಕ್ಕದ ಅಣುಗಳನ್ನು ಹಿಡಿದುಕೊಂಡು ಒಂದು ಗುಂಡಾದ ಹನಿಯಾಗಿ ನಿಲ್ಲುವಂತೆ, ಬೀಜಕೇಂದ್ರದಲ್ಲಿಯೂ ಪ್ರೋಟಾನು ನ್ಯೂಟ್ರಾನುಗಳು ಒಂದಕ್ಕೊಂದು ಅಂಟಿಕೊಂಡಿವೆ ಎಂಬುದು ಆ ಕಲ್ಪನೆ. ಇದಕ್ಕೆ ದ್ರವಬಿಂದು ಮಾದರಿ ಎಂದು ಹೆಸರು. ಬೀಜಕೇಂದ್ರಗಳ ತೂಕವನ್ನು, ಅವುಗಳನ್ನು ಒಡೆಯಲು ಬೇಕಾದ ಶಕ್ತಿಯನ್ನು ಅದು ಚೆನ್ನಾಗಿ ವಿವರಿಸುತ್ತಿತ್ತು. 1939ರಲ್ಲಿ ನೀಲ್ಸ್ ಬೋರ್ ಮತ್ತು ಜಾನ್ ವೀಲರ್ ಯುರೇನಿಯಮ್ಮಿನ ವಿದಳನವನ್ನು ಇದರಿಂದಲೇ ಅರ್ಥಮಾಡಿಸಿದ್ದರು: ಹನಿ ಉದ್ದಕ್ಕೆ ಎಳೆದುಕೊಂಡು, ನಡು ಸಣ್ಣಗಾಗಿ, ಎರಡು ಹನಿಗಳಾಗಿ ಸೀಳುತ್ತದೆ. ಇಷ್ಟು ಯಶಸ್ವಿಯಾದ ಮಾದರಿಯನ್ನು ಪ್ರಶ್ನಿಸುವ ಅಗತ್ಯ ಯಾರಿಗೂ ತೋರಿರಲಿಲ್ಲ.

ಈ ಮಾದರಿಗೆ ಒಗ್ಗದ ಕೆಲವು ಸಂಗತಿಗಳು ಮರಿಯಾ ಅವರ ಕಣ್ಣಿಗೆ ಬಿದ್ದವು. ವಿಶ್ವದಲ್ಲಿ ಮೂಲಧಾತುಗಳು ಹೇಗೆ ಹುಟ್ಟಿದವೆಂಬುದನ್ನು ಕುರಿತು ಎಡ್ವರ್ಡ್ ಟೆಲ್ಲರ್ ಅವರೊಡನೆ ವಿಚಾರ ಮಾಡುತ್ತ, ಯಾವ ಧಾತು ಎಷ್ಟು ಪ್ರಮಾಣದಲ್ಲಿ ದೊರೆಯುತ್ತದೆಂಬ ಪಟ್ಟಿಗಳನ್ನು ಅವರು ತಾಳ್ಮೆಯಿಂದ ಪರಿಶೀಲಿಸುತ್ತಿದ್ದರು. ಕೆಲವು ಸಂಖ್ಯೆಗಳು ಮತ್ತೆ ಮತ್ತೆ ಎದ್ದು ಕಾಣುತ್ತಿದ್ದವು. 50 ಅಥವಾ 82 ನ್ಯೂಟ್ರಾನುಗಳುಳ್ಳ ಬೀಜಕೇಂದ್ರಗಳು ನೆರೆಹೊರೆಯವಕ್ಕಿಂತ ಹೇರಳವಾಗಿದ್ದವು. ತವರದಲ್ಲಿ 50 ಪ್ರೋಟಾನುಗಳು. ಸ್ಥಿರವಾದ ಹತ್ತು ಸಮಸ್ಥಾನಿಗಳನ್ನುಳ್ಳ ಧಾತು ಅದೊಂದೇ. ಸೀಸದ ಅತ್ಯಂತ ಭಾರವಾದ ಸ್ಥಿರ ಬಗೆಯಲ್ಲಿ 82 ಪ್ರೋಟಾನು, 126 ನ್ಯೂಟ್ರಾನು. ಹೀಲಿಯಮ್ಮಿನಲ್ಲಿ 2 ಮತ್ತು 2, ಆಕ್ಸಿಜನ್ನಿನಲ್ಲಿ 8 ಮತ್ತು 8, ಕ್ಯಾಲ್ಸಿಯಮ್ಮಿನಲ್ಲಿ 20 ಮತ್ತು 20. ಈ ಸಂಖ್ಯೆಗಳನ್ನು ಹೊಂದಿದ ಬೀಜಕೇಂದ್ರಗಳು ಇತರವುಗಳಿಗಿಂತ ಗಟ್ಟಿ. 2, 8, 20, 28, 50, 82, 126: ಇವಕ್ಕೆ ಮಾಂತ್ರಿಕ ಸಂಖ್ಯೆಗಳೆಂದು ಹೆಸರು ಬಂದಿತು. ಹೆಸರಿಟ್ಟವರು ವಿಗ್ನರ್ ಎಂಬ ಮಾತಿದೆ. ಆ ಹೆಸರಿನಲ್ಲಿ ಮೆಚ್ಚಿಕೆಗಿಂತ ಅಪನಂಬಿಕೆಯೇ ಹೆಚ್ಚಾಗಿತ್ತು.

1930ರ ದಶಕದಲ್ಲಿಯೇ ವಾಲ್ಟರ್ ಎಲ್ಸಾಸರ್ ಮೊದಲಾದವರು ಇಂಥ ಸಂಖ್ಯೆಗಳನ್ನು ಗುರುತಿಸಿದ್ದರು. ದ್ರವಬಿಂದುವಿನ ಪ್ರಭಾವದಲ್ಲಿ ಆ ಮಾತು ಮೂಲೆಗೆ ಬಿದ್ದಿತ್ತು. ಮರಿಯಾ ಅದನ್ನು ಹೊಸ ಆಧಾರಗಳೊಡನೆ ಮತ್ತೆ ಎತ್ತಿ 1948ರಲ್ಲಿ ಲೇಖನ ಪ್ರಕಟಿಸಿದರು. ಬೀಜಕೇಂದ್ರದ ಶಾಸ್ತ್ರದಲ್ಲಿ ಹೊಸಬರಾಗಿದ್ದುದೇ ಅವರಿಗೆ ಅನುಕೂಲವಾಯಿತೆನ್ನಬಹುದು. ಪಂಡಿತರು ಮೊದಲೇ ಬದಿಗಿಟ್ಟದ್ದನ್ನು ಬದಿಗಿಡುವ ಅಭ್ಯಾಸ ಅವರಿಗೆ ಇರಲಿಲ್ಲ. ಅಂಕಿಗಳು ಏನು ಹೇಳುತ್ತವೆಯೋ ಅದನ್ನು ಕೇಳುವ ಅಭ್ಯಾಸ ಇತ್ತು.

ಸಂಖ್ಯೆಗಳೇನೋ ಇವೆ, ಅವು ಇವೇ ಏಕಾಗಬೇಕು? ಪರಮಾಣುವಿನ ಹೊರಭಾಗದಲ್ಲಿ ಎಲೆಕ್ಟ್ರಾನುಗಳು ಕವಚ ಕವಚಗಳಾಗಿ ನಿಲ್ಲುತ್ತವೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಇದನ್ನು ವಿದ್ಯಾರ್ಥಿನಿಲಯದ ಊಟದ ಪಂಕ್ತಿಗೆ ಹೋಲಿಸಬಹುದು. ಒಂದೊಂದು ಪಂಕ್ತಿಯಲ್ಲಿ ಇಂತಿಷ್ಟೇ ಎಲೆಗಳು. ಪಂಕ್ತಿ ತುಂಬಿದ ಮೇಲೆ ಬಂದವನು ಹೊಸ ಪಂಕ್ತಿಯಲ್ಲಿ ಕೂರಬೇಕು. ಪಂಕ್ತಿ ಪೂರ್ತಿಯಾಗಿ ತುಂಬಿದ ಪರಮಾಣು ಬೇರೆಯವರ ಗೊಡವೆಗೆ ಹೋಗದೆ ಸ್ಥಿರವಾಗಿರುತ್ತದೆ. ಬೀಜಕೇಂದ್ರದಲ್ಲಿಯೂ ಹೀಗೆಯೇ ಪಂಕ್ತಿಗಳಿದ್ದರೆ ಮಾಂತ್ರಿಕ ಸಂಖ್ಯೆಗಳಿಗೆ ಅರ್ಥ ಬರುತ್ತದೆ. ಆದರೆ ಎರಡು ತೊಡಕುಗಳಿದ್ದವು. ಮೊದಲನೆಯದು: ಒಂದನ್ನೊಂದು ಒತ್ತಿಕೊಂಡಿರುವ ಕಣಗಳು ತಮ್ಮ ತಮ್ಮ ಕಕ್ಷೆಯಲ್ಲಿ ಡಿಕ್ಕಿಯಿಲ್ಲದೆ ಸುತ್ತುವುದು ಹೇಗೆ? ಕೆಳಗಿನ ಎಲೆಗಳೆಲ್ಲ ಭರ್ತಿಯಾಗಿರುವಾಗ ಡಿಕ್ಕಿ ಹೊಡೆದ ಕಣಕ್ಕೆ ಸರಿದು ಕೂರಲು ಜಾಗವಿಲ್ಲ. ಆದ್ದರಿಂದ ಡಿಕ್ಕಿಯೇ ಇಲ್ಲದಂತೆ ಅವು ನಡೆದುಕೊಳ್ಳುತ್ತವೆ ಎಂಬುದು ಇದಕ್ಕೆ ಸಮಾಧಾನ. ಎರಡನೆಯದು ಇನ್ನೂ ಕಠಿಣ. ಬಟ್ಟಲಿನ ಆಕಾರದ ಆಕರ್ಷಣೆಯೊಳಗೆ ಕಣಗಳು ಚಲಿಸುತ್ತವೆಂದು ಭಾವಿಸಿ ಲೆಕ್ಕ ಮಾಡಿದರೆ ಪಂಕ್ತಿಗಳು 2, 8, 20, 40, 70, 112 ಎಂದು ತುಂಬುತ್ತವೆ. ಮೊದಲಿನ ಮೂರು ಸರಿ. ಮುಂದಿನವು ಪ್ರಕೃತಿ ತೋರಿಸುವ ಸಂಖ್ಯೆಗಳಲ್ಲ.

ಈ ಗಂಟು ಬಿಚ್ಚಿದ ಗಳಿಗೆಯ ಕಥೆ ಭೌತವಿಜ್ಞಾನದ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಫರ್ಮಿ ಅವರೂ ಆಗ ಷಿಕಾಗೋದಲ್ಲಿದ್ದರು. ಒಂದು ದಿನ ಇಬ್ಬರೂ ಈ ಸಂಖ್ಯೆಗಳನ್ನು ಕುರಿತು ಚರ್ಚಿಸುತ್ತಿದ್ದಾಗ ಫರ್ಮಿ ಅವರಿಗೆ ದೂರದೂರಿನಿಂದ ದೂರವಾಣಿ ಕರೆ ಬಂತು. ಕೋಣೆಯಿಂದ ಹೊರಡುತ್ತ ಅವರು, ಕಣದ ಕಕ್ಷಾಚಲನೆಗೂ ಅದರ ಸ್ವಂತ ಗಿರಕಿಗೂ ಜೋಡಣೆಯಿರುವ ಸೂಚನೆ ಏನಾದರೂ ಕಾಣುತ್ತದೆಯೇ ಎಂದು ಕೇಳಿ ಹೋದರು. ಆ ಪ್ರಶ್ನೆ ಕಿವಿಗೆ ಬಿದ್ದೊಡನೆ ಮರಿಯಾ ಅವರಿಗೆ ಎಲ್ಲವೂ ಹೊಳೆಯಿತು. ವರ್ಷಗಟ್ಟಲೆ ಮನಸ್ಸಿನಲ್ಲಿ ಸುಳಿದಾಡಿದ್ದ ಅಂಕಿಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಹೋಗಿ ಕುಳಿತವು. ಸುಮಾರು ಹತ್ತು ನಿಮಿಷದಲ್ಲಿ ಫರ್ಮಿ ಮರಳುವಷ್ಟರಲ್ಲಿ ಲೆಕ್ಕ ಸಿದ್ಧವಾಗಿತ್ತು. ಉತ್ಸಾಹದ ಭರದಲ್ಲಿ ಆಕೆ ವಿವರಿಸತೊಡಗಿದ ವೇಗಕ್ಕೆ ಫರ್ಮಿ ನಕ್ಕು, ನಾಳೆ ಸಮಾಧಾನವಾಗಿ ಹೇಳುವಂತೆ ಕೇಳಿಕೊಂಡರಂತೆ.

ಆ ಜೋಡಣೆಯ ತಿರುಳು ಇದು. ಕಣವು ಕಕ್ಷೆಯಲ್ಲಿ ಸುತ್ತುವ ದಿಕ್ಕಿನಲ್ಲಿಯೇ ಗಿರಕಿ ಹೊಡೆಯುತ್ತಿದ್ದರೆ ಅದರ ಶಕ್ತಿ ಕಡಿಮೆಯಾಗುತ್ತದೆ. ವಿರುದ್ಧ ದಿಕ್ಕಿನಲ್ಲಿದ್ದರೆ ಹೆಚ್ಚುತ್ತದೆ. ಕಕ್ಷಾಚಲನೆ ದೊಡ್ಡದಾದಷ್ಟೂ ಈ ಅಂತರ ದೊಡ್ಡದು. ಹೀಗಾಗಿ ಮೇಲಿನ ಪಂಕ್ತಿಯ ಒಂದು ಗುಂಪು ಬೇರ್ಪಟ್ಟು ಕೆಳಕ್ಕೆ ಇಳಿಯುತ್ತದೆ. 20ರ ಮೇಲೆ 8 ಸ್ಥಾನಗಳ ಗುಂಪು ತನ್ನದೇ ಪಂಕ್ತಿಯಾಗಿ ನಿಂತಾಗ 28. ನಲವತ್ತಕ್ಕೆ ಮೇಲಿನಿಂದ ಇಳಿದ 10 ಸೇರಿದಾಗ 50. ಎಪ್ಪತ್ತಕ್ಕೆ 12 ಸೇರಿದಾಗ 82. ನೂರಹನ್ನೆರಡಕ್ಕೆ 14 ಸೇರಿದಾಗ 126. ಮಾಂತ್ರಿಕ ಸಂಖ್ಯೆಗಳಲ್ಲಿದ್ದ ಮಂತ್ರ ಮಾಯವಾಗಿ ಗಣಿತ ಉಳಿಯಿತು. ಸಾಮಾನ್ಯ ಜನರಿಗೆ ಇದನ್ನು ಹೇಳುವಾಗ ಮರಿಯಾ ತಮ್ಮ ನಾಡಿನ ವಾಲ್ಟ್ಸ್ ನೃತ್ಯದ ಹೋಲಿಕೆ ಕೊಡುತ್ತಿದ್ದರು. ಜೋಡಿಗಳು ಅಂಗಣವನ್ನು ಸುತ್ತುತ್ತ ತಾವೂ ಗಿರಗಿರನೆ ತಿರುಗುತ್ತಾರೆ. ಒಂದು ದಿಕ್ಕಿನಲ್ಲಿ ತಿರುಗುವುದು ಸುಲಭ, ಇನ್ನೊಂದರಲ್ಲಿ ಕಷ್ಟ. ಅಷ್ಟೇ ವ್ಯತ್ಯಾಸ.

1949ರಲ್ಲಿ ಈ ಸಿದ್ಧಾಂತ ಅಚ್ಚಾಯಿತು. ತನ್ನ ಹುಟ್ಟಿಗೆ ಕಾರಣ ಫರ್ಮಿ ಅವರ ಪ್ರಶ್ನೆಯೆಂದು ಲೇಖನದಲ್ಲಿಯೇ ಆಕೆ ಕೃತಜ್ಞತೆಯಿಂದ ಬರೆದರು. ಅದೇ ವರ್ಷ ಜರ್ಮನಿಯಲ್ಲಿ ಹಾನ್ಸ್ ಯೆನ್ಸನ್, ಆಟೋ ಹಾಕ್ಸೆಲ್, ಹಾನ್ಸ್ ಜ್ಯೂಸ್ ಎಂಬ ಮೂವರು ತಾವಾಗಿಯೇ ಇದೇ ತೀರ್ಮಾನಕ್ಕೆ ಬಂದು ಪ್ರಕಟಿಸಿದ್ದರು. ಮೊದಲು ಮರಿಯಾ ಅವರಿಗೆ ನಿರಾಶೆಯಾದದ್ದು ಸಹಜ. ಆದರೆ ಎರಡು ಕಡೆ ಬೇರೆ ಬೇರೆಯಾಗಿ ಕಂಡ ಸತ್ಯಕ್ಕೆ ಬಲ ಹೆಚ್ಚೆಂಬುದನ್ನು ಅವರು ಬಹುಬೇಗ ಮನಗಂಡರು. ಪೈಪೋಟಿಯ ಮಾತು ಬರಲಿಲ್ಲ. ಯೆನ್ಸನ್ ಅವರ ಪರಿಚಯವಾಗಿ, ಸ್ನೇಹ ಬೆಳೆದು, ಇಬ್ಬರೂ ಕೂಡಿ ಕವಚ ಮಾದರಿಯನ್ನು ಕುರಿತು ಬರೆದ ಗ್ರಂಥ 1955ರಲ್ಲಿ ಪ್ರಕಟವಾಯಿತು.

ಕವಚ ಮಾದರಿ ಬಂದದ್ದರಿಂದ ದ್ರವಬಿಂದು ಮಾದರಿ ಸುಳ್ಳಾಗಲಿಲ್ಲ. ಕಣಗಳು ಒಂದೊಂದಾಗಿ ತಮ್ಮ ಪಂಕ್ತಿಗಳಲ್ಲಿ ಇರುವುದೂ ನಿಜ, ಎಲ್ಲ ಕೂಡಿ ಒಂದು ಹನಿಯಂತೆ ಕಂಪಿಸುವುದೂ ನಿಜ. ಎರಡನ್ನೂ ಕೂಡಿಸಿದ ಮಾದರಿಯನ್ನು ಆಗೆ ಬೋರ್, ಬೆನ್ ಮಾಟ್ಟೆಲ್ಸನ್, ಜೇಮ್ಸ್ ರೇನ್‌ವಾಟರ್ ಬೆಳೆಸಿ 1975ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಈಚಿನ ಪ್ರಯೋಗಗಳು ಇನ್ನೂ ಮುಂದೆ ಹೋಗಿವೆ. ನ್ಯೂಟ್ರಾನುಗಳು ಮಿತಿಮೀರಿ ತುಂಬಿದ ಅಲ್ಪಾಯುಷಿ ಬೀಜಕೇಂದ್ರಗಳಲ್ಲಿ ಹಳೆಯ ಮಾಂತ್ರಿಕ ಸಂಖ್ಯೆ ಅಳಿಸಿಹೋಗಿ ಹೊಸದು ತಲೆಯೆತ್ತುವುದುಂಟು. ಆಕ್ಸಿಜನ್ನಿನ ಒಂದು ಬಗೆಯಲ್ಲಿ 16 ಅಂಥದೊಂದು ಸಂಖ್ಯೆ. ಪಂಕ್ತಿಗಳು ಸರಿದರೂ ಪಂಕ್ತಿಯೆಂಬ ಕಲ್ಪನೆ ಉಳಿದಿದೆ. 114 ಮತ್ತು ಅದಕ್ಕೂ ಮೇಲಿನ ಕ್ರಮಾಂಕದ ಅತಿಭಾರದ ಧಾತುಗಳನ್ನು ಪ್ರಯೋಗಶಾಲೆಗಳಲ್ಲಿ ಸೃಷ್ಟಿಸಿದವರಿಗೆ ದಾರಿ ತೋರಿಸಿದ್ದೂ ಈ ಕಲ್ಪನೆಯೇ.

1956ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಮರಿಯಾ ಅವರನ್ನು ಸದಸ್ಯೆಯಾಗಿ ಆರಿಸಿಕೊಂಡಿತು. 1960ರಲ್ಲಿ, ಐವತ್ತಮೂರು ದಾಟಿದ ಮೇಲೆ, ಸ್ಯಾನ್ ಡಿಯೇಗೊ ನಗರದಲ್ಲಿ ಹೊಸದಾಗಿ ಬೆಳೆಯುತ್ತಿದ್ದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಕೇಂದ್ರ ಗಂಡಹೆಂಡಿರಿಬ್ಬರನ್ನೂ ಪ್ರಾಧ್ಯಾಪಕರನ್ನಾಗಿ ಬರಮಾಡಿಕೊಂಡಿತು. ಏಳನೆಯ ತಲೆಮಾರಿನ ಆಸೆ ಕಡೆಗೂ ಈಡೇರಿತು. ವಿಧಿಯ ಆಟವೋ ಎಂಬಂತೆ ಅಲ್ಲಿಗೆ ಬಂದ ಕೆಲವೇ ದಿನಗಳಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ದೇಹ ಸೋತರೂ ಅವರು ತರಗತಿಯನ್ನು ಬಿಡಲಿಲ್ಲ.

1963ರ ನೊಬೆಲ್ ಪಾರಿತೋಷಕದ ಅರ್ಧಭಾಗ ವಿಗ್ನರ್ ಅವರಿಗೆ, ಉಳಿದರ್ಧ ಮರಿಯಾ ಮತ್ತು ಯೆನ್ಸನ್ ಅವರಿಗೆ ಸಮನಾಗಿ ಸಂದಿತು. ಮಾಂತ್ರಿಕ ಸಂಖ್ಯೆಗಳನ್ನು ಹಗುರವಾಗಿ ಕಂಡವರೆಂದು ಹೇಳಲಾದ ವಿಗ್ನರ್ ಅದೇ ವೇದಿಕೆಯಲ್ಲಿ ಜೊತೆಗಿದ್ದದ್ದು ಕಾಲದ ವಿನೋದ. ಸುದ್ದಿ ಬಂದಾಗ ಸ್ಯಾನ್ ಡಿಯೇಗೊದ ಒಂದು ಪತ್ರಿಕೆ ತನ್ನ ಶಿರೋನಾಮೆಯಲ್ಲಿ ಆಕೆಯನ್ನು ವಿಜ್ಞಾನಿ ಎಂದು ಕರೆಯಲಿಲ್ಲ, ಆ ಊರಿನ ಒಬ್ಬ ತಾಯಿ ಎಂದಷ್ಟೇ ಕರೆಯಿತು. ಪಾರಿತೋಷಕ ದೊರೆತ ಸಂತೋಷಕ್ಕಿಂತ ಆ ಕೆಲಸ ಮಾಡುವಾಗ ಉಂಟಾದ ಸಂತೋಷವೇ ಇಮ್ಮಡಿ ದೊಡ್ಡದೆಂಬ ಭಾವ ಮರಿಯಾ ಅವರದು. 1972ನೆಯ ಫೆಬ್ರವರಿ 20ರಂದು ಸ್ಯಾನ್ ಡಿಯೇಗೊದಲ್ಲಿ ಅವರು ನಿಧನ ಹೊಂದಿದರು. ಭೌತವಿಜ್ಞಾನದ ನೊಬೆಲ್ ಮೂರನೆಯ ಮಹಿಳೆಗೆ ಸಂದದ್ದು 2018ರಲ್ಲಿ. ಆ ನಡುವಣ ಐವತ್ತೈದು ವರ್ಷಗಳು ಅವರ ಬಾಳು ಎತ್ತಿದ ಪ್ರಶ್ನೆಗೆ ಉತ್ತರ ಎಷ್ಟು ನಿಧಾನವಾಗಿ ಬಂತೆಂಬುದನ್ನು ಹೇಳುತ್ತವೆ.

ಮರಿಯಾ ಅವರ ತಾಳ್ಮೆಯನ್ನು ಹೊಗಳಿ ಸುಮ್ಮನಾದರೆ ಈ ಚರಿತ್ರೆಯ ಅರ್ಧ ಪಾಠವನ್ನಷ್ಟೇ ಕಲಿತಂತಾಗುತ್ತದೆ. ಸಂಬಳವಿಲ್ಲದೆ ದುಡಿದದ್ದು ಆಕೆಯ ಹಿರಿಮೆ; ದುಡಿಸಿಕೊಂಡದ್ದು ಸಂಸ್ಥೆಗಳ ಹಿರಿಮೆಯಲ್ಲ. ಪತಿಯ ಬೆಂಬಲ, ಮನೆತನದ ವಿದ್ಯೆ ಆಕೆಗಿದ್ದವು. ಅವಿಲ್ಲದ ಎಷ್ಟು ಮಂದಿ ಅದೇ ಮುಚ್ಚಿದ ಬಾಗಿಲ ಮುಂದಿನಿಂದ ಹಿಂದಿರುಗಿದರೋ, ಅವರೊಡನೆ ಎಷ್ಟು ವಿದ್ಯೆ ಹಿಂದಿರುಗಿತೋ, ಅದಕ್ಕೆ ಲೆಕ್ಕವಿಲ್ಲ.

ಗಟಿಂಗೆನ್ನಿನ ಆ ಹೆಣ್ಣುಮಕ್ಕಳ ಶಾಲೆ ಹಣವಿಲ್ಲದೆ ಮುಚ್ಚಿತು. ಅದರ ಆಯವ್ಯಯದ ಪುಸ್ತಕವನ್ನು ಅಂದು ಯಾರಾದರೂ ತೆರೆದು ನೋಡಿದ್ದರೆ ನಷ್ಟವೊಂದೇ ಕಾಣುತ್ತಿತ್ತು. ಅಲ್ಲಿಂದ ಹೊರಟ ಹದಿನೇಳರ ಹುಡುಗಿಯೊಬ್ಬಳು ಇಪ್ಪತ್ತೈದು ವರ್ಷಗಳ ಬಳಿಕ ಪರಮಾಣುವಿನ ಬೀಜಕೇಂದ್ರದ ಪಂಕ್ತಿಗಳನ್ನು ಎಣಿಸಿ ಜಗತ್ತಿಗೆ ತೋರಿಸಿದಳು. ಆ ಲಾಭವನ್ನು ಬರೆದಿಡಲು ಅಂದಿನ ಪುಸ್ತಕದಲ್ಲಿ ಅಂಕಣವಿರಲಿಲ್ಲ.